ಮರವೂ ಮೇವೂ

ಶೀಸೆಯ ಬಿರಡೆಯು ಓಕ್ ಎಂಬ ವೃಕ್ಷದ ಒಂದು ಜಾತಿಯ ತೊಗಟೆಯೆಂಬುದು ವಾಚಕರಲ್ಲಿ ಕೆಲವರಿಗೆ ತಿಳಿದಿರಬಹುದು. ಸ್ಪೇನಿನ ನೈಋತ್ಯ ಭಾಗದಲ್ಲಿಯೂ ಪೋರ್ಚುಗಲ್ಲಿನಲ್ಲಿಯೂ ಈ ಮರವನ್ನೂ ಇದರ ದಾಯಾದಿಯಾದ ಇನ್ನೊಂದು ಓಕನ್ನೂ ವಿರಳವಾಗಿ ಉಳಿಸಿಕೊಂಡು, ಕೆಳಗೆ ದನ, ಕುರಿ, ಹಂದಿಗಳನ್ನು ಮೇಯಿಸುವರು. ಇಂತಹ ಭೂಮಿಗೆ ಸ್ಪೇನಿನವರು ದೆಹೇಸಾ ಎನ್ನುವರು. ಇದು ಕಾಡೂ ಅಲ್ಲ, ಬಯಲೂ ಅಲ್ಲ. ಮನುಷ್ಯನ ಕೈ ತಪ್ಪಿದರೆ ಎರಡರಲ್ಲೊಂದಾಗುವುದು.

ಉದುರಿದ ಎಲೆಯಿಂದಲೂ, ನೆರಳಿಗೆ ಬಂದ ಪಶುಗಳ ಸಗಣಿಯಿಂದಲೂ ಮರದ ಬುಡದ ಮಣ್ಣು ಸಾರವತ್ತಾಗಿ ಹುಲ್ಲಿಗೆ ಪುಷ್ಟಿ ಬರುವುದು. ಆದರೆ ಆ ಹುಲ್ಲೇ ಓಕಿನ ಮೊಳಕೆಯ ಪಾಲಿನ ನೀರನ್ನು ಹೀರುವುದು. ಬೇಸಗೆಯನ್ನು ಗೆದ್ದುಳಿದ ಸಸಿಯನ್ನು ಪಶು ಮೇಯುವುದು. 1986ರಲ್ಲಿ ಈ ಎರಡು ದೇಶಗಳೂ ಯೂರೋಪಿನ ಆರ್ಥಿಕ ಸಮುದಾಯವನ್ನು ಸೇರಿದ ಮೇಲೆ, ಪಶುಗಳ ತಲೆಯೆಣಿಸಿ ಸಹಾಯಧನ ಬರಲಾಗಿ ಮಂದೆಗಳು ಬೆಳೆದವು. ಬಹುಕಡೆ ಹಿರಿಯ ಮರಗಳೇನೋ ನಿಂತಿವೆ, ಸಂತತಿಯಿಲ್ಲ.

ಹಾಗೆಂದು ಮೇಯಿಸುವುದನ್ನೇ ನಿಲ್ಲಿಸಿದರೆ ಪೊದೆ ಕವಿಯುವುದು, ಕಾಳ್ಗಿಚ್ಚಿಗೆ ಅದೇ ಸೌದೆ. ಆದರೂ ಪೊದೆಯನ್ನು ನಾವು ಪೂರ್ತಿಯಾಗಿ ಹಳಿಯಲಾರೆವು: ಪಶುವಿನ ಬಾಯಿಗೆ ಸಿಕ್ಕದೆ ಓಕಿನ ಸಸಿ ಬೆಳೆಯುವುದು ಅದರ ಮರೆಯಲ್ಲಿಯೇ. ಆದುದರಿಂದ ಭೂಮಿಯನ್ನು ಪಾಲುಮಾಡಿ, ಒಂದೊಂದು ಪಾಲಿಗೆ ಕೆಲವು ವರ್ಷ ಬಿಡುವು ಕೊಡಬೇಕೆಂದು ಬಲ್ಲವರು ಹೇಳುವರು. ಬಿಡುವಿನ ನಷ್ಟವೇನೋ ಇಂದಿನ ಒಕ್ಕಲಿಗನದು. ಬಿರಡೆಗೆ ಯೋಗ್ಯವಾದ ತೊಗಟೆ ದೊರೆಯುವ ವೇಳೆಗೆ ಮರಕ್ಕೆ 40 ವರ್ಷ ಮೀರಿರುತ್ತದೆ.