ಕೋಡ್‌ಗೂ ಮುಂಚೆ ಚುಕ್ಕಿ ಇಡಿ (ಭಾಗ 7)

ಬಬಲ್ ಸಾರ್ಟ್ ಯಾಕೆ ಎನ್ ಸ್ಕ್ವೇರ್ ಅಂತ ವೈವಾದಲ್ಲಿ ಕೇಳಿದ್ರು. ಉತ್ತರ ಬಾಯಿಪಾಠ ಇತ್ತು, ಕಾರಣ ಗೊತ್ತಿರಲಿಲ್ಲ. ಸುಮ್ಮನೆ ನಿಂತೆ.

ಮನೆಗೆ ಬಂದು ರಂಗೋಲಿ ಥರ ಚುಕ್ಕಿ ಇಟ್ಟೆ, ಒಂದು ಹೋಲಿಕೆಗೆ ಒಂದು ಚುಕ್ಕಿ. 10 ಸಂಖ್ಯೆ ಇದ್ರೆ ಮೊದಲ ಸುತ್ತಿಗೆ 9, ಆಮೇಲೆ 8, 7... ಕೊನೆಗೆ 1. ಮೆಟ್ಟಿಲು ಮೂಡ್ತು! ಅಂಥದ್ದೇ ಇನ್ನೊಂದನ್ನ ತಿರುಗಿಸಿ ಜೋಡಿಸಿ: 9 ಸಾಲು, ಸಾಲಿಗೆ 10, ಒಟ್ಟು 90. ಅದರರ್ಧ 45. ಸಂಖ್ಯೆ 20 ಆದ್ರೆ? 190. ಎರಡಲ್ಲ, ನಾಲ್ಕು ಪಟ್ಟಿಗೂ ಜಾಸ್ತಿ. ಯಾಕಂದ್ರೆ ಉದ್ದ, ಅಗಲ ಎರಡೂ ಬೆಳೀತವೆ.

ಚಿತ್ರ ಬಿಡಿಸೋದು ಟೈಮ್ ವೇಸ್ಟ್ ಅಲ್ಲ ಕಣ್ರೋ. ‘ಕೋಡಿಂಗ್ ನನ್ನ ತಲೆಗೆ ಹತ್ತಲ್ಲ’ ಅಂತ ಕೈಬಿಡೋ ಮುಂಚೆ ಒಂದ್ಸಲ ಪೆನ್ಸಿಲ್ ಹಿಡೀರಿ. ಬಾಯಿಪಾಠ ಮಾಡಿದ್ದು ಕೈಕೊಡತ್ತೆ, ಕಣ್ಣಾರೆ ಕಂಡಿದ್ದು ಕೊಡಲ್ಲ.