ನೀರು ಒಬ್ಬನದು, ಸವಳು ಇನ್ನೊಬ್ಬನದು

ಧೂಪದಾಳದ ಒಡ್ಡಿನಿಂದ ಹರಿದ ಘಟಪ್ರಭೆಯ ಕಾಲುವೆಯೂ ಆ ಬಳಿಕ ಕಟ್ಟಿದ ಹಿಡಕಲ್ ಜಲಾಶಯವೂ ಗೋಕಾವಿಯ ಸೀಮೆಗೆ ಸಿರಿಯನ್ನು ತಂದವೆಂಬುದನ್ನು ಅಲ್ಲಗಳೆಯುವವರಾರು? ಕಲ್ಲೋಳಿಯ ಸುತ್ತಿನ ಕಬ್ಬಿನ ಹೊಲಗಳೇ ಅದಕ್ಕೆ ಸಾಕ್ಷಿ. ಆದರೆ ಈ ಸಿರಿಯ ಲೆಕ್ಕದಲ್ಲಿ ಒಂದು ಪುಟವೇ ಬಿಟ್ಟುಹೋಗಿದೆ.

ಎರೆಭೂಮಿಗೆ ಮಿತಿಮೀರಿ ಹಾಯಿಸಿದ ನೀರು ಅಲ್ಲಿಯೇ ನಿಲ್ಲದೆ ತಗ್ಗಿನವನ ಹೊಲಕ್ಕೆ ಬಸಿಯುತ್ತದೆ. ಅಲ್ಲಿ ಅಂತರ್ಜಲವು ಮೇಲೇರುತ್ತದೆ. ಬಿಸಿಲಿಗೆ ನೀರು ಆರಿ ಉಪ್ಪು ಉಳಿಯುತ್ತದೆ. ನೆಲವು ಸವಳು ಜವಳಾಗುತ್ತದೆ. ಕಬ್ಬಿನ ಹಣ ಮೇಲಿನವನಿಗೆ, ಬಂಜರು ಕೆಳಗಿನವನಿಗೆ!

ಮಾಡಿದವನ ವೆಚ್ಚದಲ್ಲಿ ಸೇರದ ಇಂಥ ಹಾನಿಯನ್ನು ಸಮಾಜವು ತೆರುವುದೆಂದೂ, ಅದಕ್ಕೆ ತಕ್ಕ ಕರವನ್ನು ಮಾಡಿದವನ ಮೇಲೆಯೇ ಹೊರಿಸುವುದು ಯುಕ್ತವೆಂದೂ ಆಂಗ್ಲ ಅರ್ಥಶಾಸ್ತ್ರಜ್ಞನಾದ ಪಿಗೂ 1920ರ ತನ್ನ ಗ್ರಂಥದಲ್ಲಿ ಪ್ರತಿಪಾದಿಸಿದನು. ಕಾಲುವೆಯ ಕರವಾದರೋ ಬೆಳೆ ಮತ್ತು ಎಕರೆಗಳ ಮೇಲೆ ನಿಂತಿದೆ, ನೀರಿನ ಅಳತೆಯ ಮೇಲಲ್ಲ. ಹತ್ತು ಸಲ ಹಾಯಿಸಿದವನಿಗೂ ಇಪ್ಪತ್ತು ಸಲ ಹಾಯಿಸಿದವನಿಗೂ ಒಂದೇ ದರವಾದರೆ ಮಿತವ್ಯಯಿಯೇ ಮೂರ್ಖನೆನಿಸಿಕೊಳ್ಳುವನು.

ಒಕ್ಕಲಿಗನ ಮೇಲೆ ಹೊಸ ಭಾರವೇಕೆಂದು ಕೇಳುವವರುಂಟು. ಸವಳು ನೆಲದವನು ಒಕ್ಕಲಿಗನಲ್ಲವೇ? ಅವನು ಇಂದಿಗೂ ಆ ಕರವನ್ನು ತೆರುತ್ತಲೇ ಇದ್ದಾನೆ, ಕಳೆದುಕೊಂಡ ಬೆಳೆಯ ರೂಪದಲ್ಲಿ. ಸರಕಾರವು ನೀರನ್ನು ಅಳೆದು ಕೊಡಲಿ. ಬಂದ ಹಣದಿಂದ ಬಸಿಗಾಲುವೆಗಳನ್ನು ತೋಡಿಸಲಿ. ನೆರೆಯವನ ನೆಲವನ್ನು ಕೆಡಿಸಿ ಬೆಳೆದ ಬೆಳೆಯು ಲಾಭವಲ್ಲ, ಸಾಲ.