ಫಿಗ್ಮಾ ಮುಚ್ಚಿ, ಕಂಪ್ಲಿ ಬಸ್ ಹತ್ತಿ

ಯುಐ-ಯುಎಕ್ಸ್ ಕಲಿತವರ ಪೋರ್ಟ್‌ಫೋಲಿಯೋಗಳನ್ನ ಒಂದರ ಪಕ್ಕ ಒಂದಿಟ್ಟು ನೋಡಿ. ಊಟ ತರಿಸೋ ಆ್ಯಪ್‌ಗೆ ಹೊಸ ರೂಪ, ಧ್ಯಾನದ ಆ್ಯಪ್, ಗಿಡ ಮಾರೋ ಆ್ಯಪ್. ಸ್ವಲ್ಪ ಲೋಕಲ್ ಆಗಿರಲಿ ಅಂದವರು ಸಂಡೂರಿನ ಲಂಬಾಣಿ ಕಸೂತಿ ಮಾರೋ ಆ್ಯಪ್ ಮಾಡ್ತಾರೆ. ಹಿನ್ನೆಲೆಗೆ ಕನ್ನಡಿ ಚೂರು, ಚೆಂದದ ಕಾರ್ಟ್. ಕಸೂತಿ ಹಾಕೋ ಹೆಂಗಸು ಫೋಟೋ ಹೇಗೆ ಏರಿಸ್ತಾಳೆ, ದುಡ್ಡು ಬಂತೋ ಇಲ್ವೋ ಎಲ್ಲಿ ನೋಡ್ತಾಳೆ? ಆ ಸ್ಕ್ರೀನೇ ಇರಲ್ಲ. 'ಯೂಸರ್ ಪರ್ಸೋನಾ' ಅಂತ ಒಂದು ಪುಟ ಮಾತ್ರ ತಪ್ಪದೆ ಇರುತ್ತೆ: 27 ವರ್ಷ, ಕಾಫಿ ಪ್ರಿಯೆ, ಕೋರಮಂಗಲ ವಾಸಿ. ಮಾಡಿದವರದ್ದೇ ಮುಖ.

ಇದನ್ನ ಕಲಿಕೆ ಅನ್ನೋಕೆ ನನ್ನ ಒಪ್ಪಿಗೆ ಇಲ್ಲ. ಫಿಗ್ಮಾ ಕೈಗೆ ಹತ್ತೋಕೆ ಕೆಲವು ವಾರ ಸಾಕು. ಕಷ್ಟದ ಪಾಠ ಅಂದ್ರೆ ಇನ್ನೊಬ್ಬರು ತಡವರಿಸೋದನ್ನ ಬಾಯಿ ಮುಚ್ಚಿಕೊಂಡು ನೋಡೋದು. 1988ರಲ್ಲಿ ಬಂದ ಡಾನ್ ನಾರ್ಮನ್ ಪುಸ್ತಕದ ತಿರುಳು ಇಷ್ಟೇ: ಬಾಗಿಲು ತಳ್ಳಬೇಕೋ ಎಳೀಬೇಕೋ ಗೊತ್ತಾಗದಿದ್ರೆ ತಪ್ಪು ಬಾಗಿಲಿಂದು. 5 ಜನರ ಕೈಲಿ ಬಳಸಿ ನೋಡಿದ್ರೆ ಬಹುಪಾಲು ತೊಂದರೆ ಬಯಲಾಗುತ್ತೆ ಅಂತ ಜೇಕಬ್ ನೀಲ್ಸನ್ 2000ದಲ್ಲೇ ಬರೆದರು. ಹೊಸಪೇಟೆ ಬಸ್ ಸ್ಟ್ಯಾಂಡಲ್ಲಿ 5 ಜನ ಸಿಗಲ್ವಾ?

ಹಂಪಿಗೆ ಹೋಗಿ ಸೆಲ್ಫಿ ತಗೊಳ್ಳೋ ಹೊತ್ತಲ್ಲಿ ವಿಠಲ ದೇವಸ್ಥಾನದ ಟಿಕೆಟ್ ಕೌಂಟರ್ ಹತ್ರ ಒಂದು ಗಂಟೆ ನಿಂತು ನೋಡಿ. ಅದೇ ಟಿಕೆಟ್ ಅದೇ ದಿನ ಕಮಲ ಮಹಲಿನ ಆವರಣಕ್ಕೂ ನಡೆಯುತ್ತೆ. ಎಷ್ಟು ಜನಕ್ಕೆ ಅದು ಗೊತ್ತು, ಎಷ್ಟು ಜನ ಅಲ್ಲೇ ಎಸೀತಾರೆ, ಎಣಿಸಿ. ಬಿಳಿ ಮೇಲೆ ತೆಳು ಬೂದು ಅಕ್ಷರ ನಿಮ್ಮ ಏಸಿ ಆಫೀಸಲ್ಲಿ ಸೊಗಸು. ಏಪ್ರಿಲ್ ಬಿಸಿಲಲ್ಲಿ ಅಲ್ಲಿ ಫೋನ್ ಹಿಡಿದ್ರೆ, ಅಕ್ಷರಕ್ಕೂ ಹಿನ್ನೆಲೆಗೂ ಕನಿಷ್ಠ 4.5:1 ಅಂತರ ಇರಬೇಕು ಅನ್ನೋ ನಿಯಮ ಯಾಕಿದೆ ಅಂತ ಯಾವ ಕೋರ್ಸೂ ಹೇಳಿಕೊಡಬೇಕಿಲ್ಲ. ಅಲ್ಲಿನ ಮೆಟ್ಟಿಲು ಪುಷ್ಕರಣಿಯ ಕಲ್ಲುಗಳ ಮೇಲೆ ಯಾವ ದಿಕ್ಕು, ಯಾವ ಸಾಲು, ಯಾವ ಜಾಗ ಅಂತ ಗುರುತು ಕೊರೆದಿದ್ದಾರೆ. (ಪೂರ್ವಜರಿಗೆ ಯುಎಕ್ಸ್ ಗೊತ್ತಿತ್ತು ಅಂತ ವಾಟ್ಸಾಪಲ್ಲಿ ಹಂಚಬೇಡಿ, ಕೈ ಮುಗೀತೀನಿ.) ಆ ಗುರುತು ಕಲ್ಲು ಕೂರಿಸೋನಿಗಾಗಿ ಇತ್ತು. ನೋಡೋಕೆ ಬಂದ ದೊರೆ ಮೆಚ್ಚಲಿ ಅಂತ ಹಾಕಿದ್ದಲ್ಲ.

'ಕನ್ನಡಿಗರೇ ಇಂಗ್ಲಿಷ್ ಒತ್ತುತಾರೆ, ನಾವೇನು ಮಾಡೋಣ' ಅನ್ನೋ ವಾದ ಉಂಟಲ್ಲ, ಅದು ಸೋಮಾರಿತನ. ಟಿಕೆಟ್ 'ಬುಕ್' ಮಾಡೋ ಬಟನ್ ಮೇಲೆ 'ಪುಸ್ತಕ' ಅಂತ ಮೂಡಿದ್ರೆ ಯಾರು ತಾನೇ ಕನ್ನಡ ಒತ್ತುತಾರೆ? ಇಂಗ್ಲಿಷಲ್ಲಿ ದೊಡ್ಡಕ್ಷರ ಹಾಕಿ ಶೀರ್ಷಿಕೆ ಎದ್ದು ಕಾಣಿಸಬಹುದು. ಕನ್ನಡಕ್ಕೆ ದೊಡ್ಡಕ್ಷರ-ಸಣ್ಣಕ್ಷರ ಇಲ್ಲ. ಗಾತ್ರ, ದಪ್ಪ, ಜಾಗದಲ್ಲೇ ಅದನ್ನ ಸಾಧಿಸಬೇಕು. ನಿಮ್ಮ ಬಟನ್‌ನಲ್ಲಿ 'ಸ್ವಾತಂತ್ರ್ಯ' ಅಂತ ಟೈಪ್ ಮಾಡಿ. ಒತ್ತಕ್ಷರದ ಕಾಲು ಕತ್ತರಿಸಿ ಹೋದ್ರೆ ಸಾಲಿನ ಎತ್ತರ ಇಂಗ್ಲಿಷ್ ಅಳತೆಗೆ ಕೂರಿಸಿದ್ದೀರಿ ಅಂತ ಅರ್ಥ. ಇದು ಅಆಇಈ. ಇದನ್ನ ಬಿಟ್ಟು ಗ್ರೇಡಿಯಂಟ್ ಬಗ್ಗೆ ಎರಡು ತಾಸು ಪಾಠ!

ಕಂಪ್ಲಿ ಕಡೆ ಭತ್ತ ಹಾಕೋ ರೈತ ಮುಂಗಾರಿನಲ್ಲಿ ಬೆಳೆ ಸಮೀಕ್ಷೆ ಆ್ಯಪ್ ತೆರೀಬೇಕು. ಓಟಿಪಿ, ಹೋಬಳಿ, ಊರು, ಸರ್ವೆ ನಂಬರ್, ಹಿಸ್ಸಾ, ಆಮೇಲೆ ಹೊಲದಲ್ಲೇ ನಿಂತು ಫೋಟೋ. ಅಲ್ಲಿ ದಾಖಲಾದ ಬೆಳೆಯ ಮೇಲೇ ವಿಮೆ, ಪರಿಹಾರ, ಬೆಂಬಲ ಬೆಲೆಯ ಲೆಕ್ಕ ನಿಲ್ಲೋದು. ಒಂದು ಡ್ರಾಪ್‌ಡೌನ್ ತಪ್ಪಾಗಿ ಒತ್ತಿದ್ರೆ ಭತ್ತ ಹಾಕಿದವನ ಹೆಸರಲ್ಲಿ ಬೇರೆ ಬೆಳೆ ಕೂರಬಹುದು. ನಿಮ್ಮ ಧ್ಯಾನದ ಆ್ಯಪಲ್ಲಿ ತಪ್ಪು ಒತ್ತಿದ್ರೆ ಏನಾಗುತ್ತೆ? ಬೇರೆ ಮಳೆ ಸದ್ದು ಕೇಳುತ್ತೆ.

ಈ ಸಲ ಹಂಪಿ ಎಕ್ಸ್‌ಪ್ರೆಸ್ ಹತ್ತಿ ಊರಿಗೆ ಹೋದಾಗ ಲ್ಯಾಪ್‌ಟಾಪ್ ಬಿಟ್ಟು ಹೋಗಿ. ಕಂಪ್ಲಿಯಲ್ಲಿ ಯಾರದ್ದಾದ್ರೂ ಬದುವಿನ ಮೇಲೆ ಕೂತು, ಆ ಆ್ಯಪನ್ನ ಅವರೇ ತೆಗೆಯೋದನ್ನ ನೋಡಿ. 'ಇಲ್ಲಿ ಏನ್ ಒತ್ತಬೇಕ್ ತಮ್ಮಾ' ಅಂತ ಕೇಳ್ತಾರೆ. ಫೋನ್ ಕಸ್ಕೊಂಡು ನೀವೇ ಒತ್ತಬೇಡಿ. ಯಾವ ಸ್ಕ್ರೀನಲ್ಲಿ ಕೇಳಿದ್ರು, ಬರ್ಕೊಳ್ಳಿ.